ಸಿಟಿ ಸಿವಿಟಿಯನ್ನು ಡ್ರ್ಯಾಗ್ ಸ್ಟ್ರಿಪ್‌ಗೆ ಒಯ್ಯಬಹುದಾ? ಹೋಗಿ ಬಂದವರು ಹೇಳಿ

ಕೊಟ್ಟಾರದವ:
ನಮಸ್ಕಾರ. ನನ್ನದು 2021ರ ಹೋಂಡಾ ಸಿಟಿ, ಪೆಟ್ರೋಲ್, ಸಿವಿಟಿ, ಅಂದರೆ ಗೇರಿನ ಬದಲು ಒಳಗೆ ಬೆಲ್ಟ್ ಇರುವ ಆಟೋಮ್ಯಾಟಿಕ್. 46 ಸಾವಿರ ಕಿಲೋಮೀಟರ್ ಆಗಿದೆ. ದಿನಾ ಕೊಟ್ಟಾರದಿಂದ ಬೈಕಂಪಾಡಿ, ಶನಿವಾರ ಮಗಳ ಡ್ಯಾನ್ಸ್ ಕ್ಲಾಸು, ಇಷ್ಟೇ ಅದರ ಕೆಲಸ. ಮುಂದಿನ ತಿಂಗಳು ಬೆಂಗಳೂರಿನ ಹತ್ತಿರ ಒಂದು ಏರ್‌ಸ್ಟ್ರಿಪ್‌ನಲ್ಲಿ ಡ್ರ್ಯಾಗ್ ರೇಸ್ (ನೇರ ದಾರಿಯ ಓಟ) ಇದೆ, ಏನೂ ಬದಲಿಸದ ಸ್ಟಾಕ್ ಕಾರಿಗೂ ಕ್ಲಾಸ್ ಇದೆ, ಬಾ ಅಂತ ಕಾಲೇಜಿನ ದೋಸ್ತಿ ಕರೆಯುತ್ತಿದ್ದಾನೆ. ಗೆಲ್ಲುವ ಆಸೆ ಇಲ್ಲ. 402 ಮೀಟರ್‌ಗೆ, ಅಂದರೆ ಕ್ವಾರ್ಟರ್ ಮೈಲಿಗೆ, ನನ್ನ ಕಾರಿಗೆ ಎಷ್ಟು ಸೆಕೆಂಡ್ ಬೇಕು ಅಂತ ಒಂದು ಚೀಟಿ ಕೈಗೆ ಬಂದರೆ ಸಾಕು. ಗೇರ್‌ಬಾಕ್ಸಿಗೆ ಏನಾದರೂ ಆಗುತ್ತದಾ? ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಬೇಕಾ? ಮನೆಯಲ್ಲಿ ಇನ್ನೂ ಹೇಳಿಲ್ಲ.

ಕಾಪು ದೀಪಸ್ತಂಭ:
ಹೋಗಬೇಡಿ ಅಂತ ಹೇಳುವುದಿಲ್ಲ. ನನ್ನ ಬಿಲ್ ಓದಿ, ಆಮೇಲೆ ಹೋಗಿ.

ನನ್ನದು ಟರ್ಬೊ ಪೆಟ್ರೋಲ್ ಸೆಡಾನ್, ಏಳು ಗೇರಿನ ಡ್ರೈ ಕ್ಲಚ್ ಡಿಸಿಟಿ, ಅಂದರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್. ಕಂಪನಿ ಹೆಸರು ಬೇಡ. ಮೊದಲ ಓಟ 16.9, ಮುಂದಿನ ಚಕ್ರ ನಿಂತಲ್ಲೇ ತಿರುಗಿತು. ಎರಡನೆಯದು 16.5. ಅಲ್ಲಿಗೆ ನಿಲ್ಲಿಸಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲ. 16.4 ಬೇಕು ಅಂತ ಮತ್ತೆ ಸಾಲಿನಲ್ಲಿ ನಿಂತೆ. ಆ ಸಾಲೇ ನನ್ನನ್ನು ಕೊಂದದ್ದು. ಏಪ್ರಿಲ್ ಬಿಸಿಲು, ಮುಂದೆ ನಲವತ್ತು ಕಾರು, ಎರಡು ನಿಮಿಷಕ್ಕೊಮ್ಮೆ ಒಂದು ಕಾರಿನಷ್ಟು ಜಾಗ. ನಾನು ಡಿ ಗೇರಿನಲ್ಲೇ ಇಟ್ಟು ಬ್ರೇಕ್ ಬಿಟ್ಟು ಹಿಡಿದು ತೆವಳಿಸಿದೆ. ಡ್ರೈ ಕ್ಲಚ್ ಎಣ್ಣೆಯಲ್ಲಿ ಮುಳುಗಿರುವುದಿಲ್ಲ, ಬಿಸಿ ಬೇಗ ಆರುವುದಿಲ್ಲ. ತೆವಳುವಾಗ ಅದು ಅರ್ಧ ಹಿಡಿದು ಉಜ್ಜುತ್ತಲೇ ಇರುತ್ತದೆ. ಪೂರ್ತಿ ಒತ್ತಿ ಹೊರಡುವ ಒಂದು ಲಾಂಚ್ ಮಾಡುವ ಹಾಳಿಗಿಂತ ಅರ್ಧ ಗಂಟೆಯ ಈ ತೆವಳಾಟವೇ ಜಾಸ್ತಿ. ನ್ಯೂಟ್ರಲ್‌ಗೆ ಹಾಕಿ ಅಂತ ನನಗೆ ಯಾರೂ ಹೇಳಲಿಲ್ಲ.

ಸರದಿ ಬಂತು. ಎಡಗಾಲು ಬ್ರೇಕಿನ ಮೇಲೆ, ಬಲಗಾಲು ಪೂರ್ತಿ ಕೆಳಗೆ. ಹಳದಿ ದೀಪ ಒಂದೊಂದೇ ಇಳಿಯುವಾಗ ಮೀಟರಿನಲ್ಲಿ ಸಣ್ಣ ಗೇರಿನ ಚಿತ್ರ ಮಿನುಗಿತು. ಹಸಿರು. ಬ್ರೇಕ್ ಬಿಟ್ಟೆ. ಕಾರು ಸರ್ವಿಸ್ ರಿಕ್ಷಾದ ಹಾಗೆ ಹೊರಟಿತು. ಎಸಿಯಿಂದ ವಾಸನೆ ಬಂತು. ಚಾರ್ಮಾಡಿ ಇಳಿಯುವ ಲಾರಿಯ ಹಿಂದೆ ಸಿಕ್ಕಿಹಾಕಿಕೊಂಡಾಗ ಮೂಗಿಗೆ ಬಡಿಯುತ್ತದಲ್ಲ, ಅದೇ ವಾಸನೆ.

ಸಕಲೇಶಪುರದವರೆಗೆ ಹೇಗೋ ಬಂದೆ. ಆಮೇಲೆ ಒಂದರಿಂದ ಎರಡನೇ ಗೇರಿಗೆ ಹೋಗುವಾಗ ನಡುಕ. ಗುಂಡ್ಯದಲ್ಲಿ ನಿಂತೇ ಹೋಯಿತು. ಲೆಕ್ಕ ಬರೆದಿಟ್ಟಿದ್ದೇನೆ: ಗುಂಡ್ಯದಿಂದ ಉಡುಪಿಗೆ ಫ್ಲಾಟ್‌ಬೆಡ್ 11,500. ಕ್ಲಚ್ ಸೆಟ್ 74,300. ಲೇಬರ್ 16,800. ಎಣ್ಣೆ, ಸೀಲು, ಬೋಲ್ಟು 6,150. ಸಾಫ್ಟ್‌ವೇರ್ ಅಡಾಪ್ಟೇಶನ್ ಅಂತ ಇನ್ನೊಂದು 2,900. ಒಟ್ಟು 1,11,650. ಹದಿಮೂರು ದಿನ ಹೆಂಡತಿಯ ಸ್ಕೂಟರ್. ವಾರಂಟಿ ಇದೆಯಲ್ಲ ಅಂದದ್ದಕ್ಕೆ ಸರ್ವಿಸಿನವರು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ಕ್ಲಚ್ ಯಾವತ್ತು, ಎಷ್ಟು ಡಿಗ್ರಿ ಮುಟ್ಟಿತ್ತು ಅಂತ ಕಾರೇ ಬರೆದಿಟ್ಟುಕೊಂಡಿತ್ತು. ಇಎಂಐ ಕಟ್ಟುವವನು ನಾನು, ಸಾಕ್ಷಿ ಹೇಳುವುದು ಅವರ ಕಡೆ.

ಬಿಜೈ ಬನ್ಸ್:
ಡ್ರೈ ಕ್ಲಚ್ ತೆಗೆದುಕೊಂಡವರೆಲ್ಲ ಕೊನೆಗೆ ಬಿಲ್ಲೇ ತೋರಿಸುತ್ತಾರೆ. ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವವನು ನಾನು, ನನ್ನ ಕಥೆ ಬೇರೆ.

ಒಂಬತ್ತು ವರ್ಷ ಹಳೆಯ 1.6 ಪೆಟ್ರೋಲ್ ಆಟೋಮ್ಯಾಟಿಕ್. ಹೋಗುವ ಮೊದಲು ಎಟಿಎಫ್ (ಗೇರ್‌ಬಾಕ್ಸಿನ ಎಣ್ಣೆ) ಬದಲಿಸಿದೆ, 7,800. ಮುಂದಿನ ಟೈರಿಗೆ ಗಾಳಿ 33ರಿಂದ 29ಕ್ಕೆ ಇಳಿಸಿದೆ. ಬ್ರೇಕ್ ಒತ್ತಿ 2,000 ಆರ್‌ಪಿಎಂವರೆಗೆ ಏರಿಸಿ ಬಿಡುವುದು, ಎರಡು ಸೆಕೆಂಡಿಗಿಂತ ಜಾಸ್ತಿ ಹಿಡಿಯಬಾರದು. ಹಿಡಿದರೆ ಒಳಗೆ ಎಣ್ಣೆ ಕುದಿಯುತ್ತದೆ. ಮೊದಲ ಓಟ 18.41. ಚೀಟಿ ನೋಡಿ ಸಣ್ಣ ಮುಖ ಆಯಿತು. ನೀರಿನ ಬಾಟಲಿ ತೆಗೆಯಲು ಡಿಕ್ಕಿ ತೆರೆದರೆ ಅಲ್ಲಿ 25 ಕಿಲೋ ಕುಚ್ಚಲಕ್ಕಿ ಕೂತಿದೆ! ಪಕ್ಕದಲ್ಲಿ ಸಿಪ್ಪೆ ಸುಲಿಯದ ಹನ್ನೆರಡು ತೆಂಗಿನಕಾಯಿ. ಯಲಹಂಕದ ಅಕ್ಕನಿಗೆ ಅಂತ ಅಮ್ಮ ಹಾಕಿಸಿದ್ದು, ಕೊಡಲು ಮರೆತಿದ್ದೆ. ಎಲ್ಲ ಕೆಳಗಿಳಿಸಿ, ಸ್ಟೆಪ್ನಿ ಮಾತ್ರ ಬಿಟ್ಟು, ಮತ್ತೆ ಓಡಿಸಿದೆ. 18.29. ಅಕ್ಕಿಯ ತೂಕಕ್ಕೆ 0.12 ಸೆಕೆಂಡ್.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಅದೇ ಕಾರಿನಲ್ಲಿ ನಂತೂರಿನ ಟ್ರಾಫಿಕ್‌ನಲ್ಲಿದ್ದೆ. ಕಾಪುವಿನವರಂತೆ ಫ್ಲಾಟ್‌ಬೆಡ್ ಮೇಲೆ ಅಲ್ಲ.

ಕಾಪು ದೀಪಸ್ತಂಭ:
18 ಸೆಕೆಂಡಿನಲ್ಲಿ ನಾನು ಗೆರೆ ದಾಟಿ, ತಿರುಗಿ, ನಿಮಗೆ ಕೈ ಬೀಸಿ ಬರಬಹುದಿತ್ತು. ಅಕ್ಕಿ ಇಳಿಸಿದವರು ಸ್ವಲ್ಪ ಅಹಂಕಾರವನ್ನೂ ಇಳಿಸಿದ್ದರೆ 18.2 ಆಗುತ್ತಿತ್ತು.

ಸುರತ್ಕಲ್ ಸ್ಪ್ಯಾನರ್:
ಅಕ್ಕಿಯ ಲೆಕ್ಕ ಸರಿ ಬರುವುದಿಲ್ಲ. ಕಾರು, ಚಾಲಕ, ಪೆಟ್ರೋಲ್ ಸೇರಿ 1,300 ಕಿಲೋ ಅಂತ ಇಟ್ಟುಕೊಳ್ಳಿ. ಅಕ್ಕಿ, ಕಾಯಿ ಸೇರಿ ಸುಮಾರು 40 ಕಿಲೋ, ಅಂದರೆ ಶೇಕಡ 3. ತೂಕ ಶೇಕಡ 3 ಇಳಿದರೆ ಕ್ವಾರ್ಟರ್ ಮೈಲಿನ ಸಮಯ ಹೆಚ್ಚುಕಡಿಮೆ ಶೇಕಡ 1 ಇಳಿಯುತ್ತದೆ. 0.18 ಸೆಕೆಂಡ್ ಸಿಗಬೇಕಿತ್ತು. ಉಳಿದ 0.06 ಅನ್ನು ಬಿಸಿಯಾದ ಇಂಜಿನ್ ತಿಂದಿದೆ. ಬಾನೆಟ್ ತೆರೆದು ಇಪ್ಪತ್ತು ನಿಮಿಷ ತಣ್ಣಗೆ ಬಿಡಬೇಕಿತ್ತು.

ಇನ್ನೊಂದು ವಿಷಯ ಯಾರೂ ಹೇಳುತ್ತಿಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಅಲ್ಲಿ ಗಾಳಿ ಹತ್ತಿರ ಹತ್ತಿರ ಶೇಕಡ 10 ತೆಳು. ಟರ್ಬೊ ಇಲ್ಲದ ಇಂಜಿನ್ ಅಷ್ಟೇ ಪವರ್ ಕಳೆದುಕೊಳ್ಳುತ್ತದೆ, ಸಮಯದಲ್ಲಿ ಅರ್ಧ ಸೆಕೆಂಡಿಗೂ ಮೇಲೆ. ಬನ್ಸ್ ಅವರ 18.29 ಪಣಂಬೂರಿನಲ್ಲಿ, ಸಮುದ್ರ ಮಟ್ಟದಲ್ಲಿ, 17.7 ಆಗುತ್ತಿತ್ತು. ನಾನು ನನ್ನ 1.5 ಕಾರಿನ ಚೀಟಿ ಹಿಡಿದು ಒಂದು ವರ್ಷ ನಾಚಿಕೊಂಡಿದ್ದೆ, ಈ ಲೆಕ್ಕ ಹಾಕುವವರೆಗೆ.

ಬಿಜೈ ಬನ್ಸ್:
17.7! ಇದನ್ನು ಪ್ರಿಂಟ್ ತೆಗೆದು ಡ್ಯಾಶ್‌ಬೋರ್ಡಿಗೆ ಅಂಟಿಸುತ್ತೇನೆ.

ಕಾಪು ದೀಪಸ್ತಂಭ:
ಪಣಂಬೂರಿನ ಸೆಕೆ, ಉಪ್ಪುಗಾಳಿ ಲೆಕ್ಕಕ್ಕಿಲ್ಲವಾ? ಬಿಸಿ ಗಾಳಿ, ತೇವದ ಗಾಳಿ ಎರಡೂ ತೆಳುವೇ. ಕಾಗದದ ಮೇಲೆ ಎಲ್ಲರ ಕಾರೂ ಓಡುತ್ತದೆ.

ಮೂಡುಬಿದಿರೆ ಕೋಣ:
ನೀವೆಲ್ಲ ಚೀಟಿಯ ಕೊನೆಯ ಸಾಲು ಮಾತ್ರ ಓದುತ್ತೀರಿ. ಮೊದಲ 60 ಅಡಿ ನೋಡಿ, ಓಟ ಅಲ್ಲೇ ತೀರ್ಮಾನ. ನನ್ನ ಮೊದಲ ಓಟದಲ್ಲಿ 60 ಅಡಿಗೆ 2.9, ಕೊನೆಯದರಲ್ಲಿ 2.5. ಕಾರು ಅದೇ, ಟೈರ್ ಅದೇ. ಬದಲಾದದ್ದು ನನ್ನ ಬಲಗಾಲು ಮಾತ್ರ. ಒಮ್ಮೆಲೇ ಒತ್ತದೆ ಅರ್ಧ, ಮುಕ್ಕಾಲು, ಪೂರ್ತಿ ಅಂತ ಒತ್ತಿದೆ.

ಮತ್ತೆ ಹಸಿರು ದೀಪಕ್ಕೆ ಹೆದರುವುದು ಬೇಡ. ಗಡಿಯಾರ ಶುರುವಾಗುವುದು ದೀಪಕ್ಕಲ್ಲ, ಮುಂದಿನ ಚಕ್ರ ಗೆರೆಯ ಮೇಲಿನ ಸೆನ್ಸರ್ ಕಿರಣ ಬಿಟ್ಟು ಹೊರಟಾಗ. ಹಸಿರು ಬಂದಮೇಲೆ ಎಲೆಅಡಿಕೆ ಹಾಕಿಕೊಂಡು ಹೊರಟರೂ ಚೀಟಿಯ ಸಮಯ ಅದೇ. ಪಕ್ಕದವನಿಗೆ ಸೋಲುತ್ತೀರಿ, ಅಷ್ಟೇ. ನಾನು ಇದು ಗೊತ್ತಿಲ್ಲದೆ ಎರಡು ಸಲ ಹಸಿರಿಗೆ ಮೊದಲೇ ಹೊರಟು ಕೆಂಪು ದೀಪ ಹಾಕಿಸಿಕೊಂಡು, 3,500 ರೂಪಾಯಿ ಎಂಟ್ರಿಯಲ್ಲಿ ಎರಡು ಓಟ ಹಾಳು ಮಾಡಿಕೊಂಡೆ. ಕಂಬಳದಲ್ಲೂ ಲೇಸರ್ ಇದೆ, ಅಲ್ಲಿಯ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಾಪುವಿನವರೇ, ಚಕ್ರ ತಿರುಗಿಸಿ ಹೊಗೆ ಎಬ್ಬಿಸಿದ ನಿಮ್ಮ ಮೊದಲ ಓಟ ಕಂಬಳದ ಕನೆಹಲಗೆ ವಿಭಾಗದ್ದು. ನೀರು ಎಷ್ಟು ಎತ್ತರ ಚಿಮ್ಮಿತು ಅಂತ ನೋಡುತ್ತಾರೆ, ಎಷ್ಟು ಬೇಗ ಬಂದಿರಿ ಅಂತಲ್ಲ.

ಸುರತ್ಕಲ್ ಸ್ಪ್ಯಾನರ್:
ಕಂಬಳ ತರಬೇಡಿ ಇಲ್ಲಿ. 2020ರಲ್ಲಿ ಐಕಳದ ಕಂಬಳದಲ್ಲಿ ಒಬ್ಬರು 142.5 ಮೀಟರ್ 13.62 ಸೆಕೆಂಡಿಗೆ ಓಡಿದರು ಅಂತ ಬಂತು. ಜನ ಅದನ್ನು ನೂರು ಮೀಟರ್‌ಗೆ ಭಾಗಿಸಿ ಒಲಿಂಪಿಕ್ಸ್‌ಗೆ ಕಳಿಸಲು ಹೊರಟರು. ಎಳೆದದ್ದು ಕೋಣ ಅಂತ ಯಾರಿಗೂ ನೆನಪಿರಲಿಲ್ಲ.

ಮೂಡುಬಿದಿರೆ ಕೋಣ:
ಕೆಸರಿನಲ್ಲಿ ಬರಿಗಾಲಲ್ಲಿ ಹತ್ತು ಹೆಜ್ಜೆ ಓಡಿ ತೋರಿಸಿ, ಆಮೇಲೆ ಕೋಣದ ಲೆಕ್ಕ ಮಾಡೋಣ. ಎಸಿ ಹಾಕಿಕೊಂಡು ಕೂತು ಓಡಿಸುವವರಿಗೆ ಎಂತ ಗೊತ್ತು.

ಸುರತ್ಕಲ್ ಸ್ಪ್ಯಾನರ್:
ಎಸಿ ಆಫ್ ಮಾಡಿಯೇ ಓಡಿಸಿದ್ದು.

ಕದ್ರಿ ಕಾಗದಪತ್ರ:
ಪಾಲಿಸಿ ಯಾರಾದರೂ ಓದಿದ್ದೀರಾ? ನಾನೂ ಓದಿರಲಿಲ್ಲ. ಸಂಘಟಿತ ರೇಸಿಂಗ್, ಪೇಸ್ ಮೇಕಿಂಗ್, ರಿಲಯಬಿಲಿಟಿ ಟ್ರಯಲ್, ಸ್ಪೀಡ್ ಟೆಸ್ಟಿಂಗ್, ಈ ನಾಲ್ಕಕ್ಕೆ ಕಾರು ಬಳಸಿದರೆ ವಿಮೆ ಇಲ್ಲ ಅಂತ ನಮ್ಮೆಲ್ಲರ ಪಾಲಿಸಿಯಲ್ಲೇ ಅಚ್ಚಾಗಿರುತ್ತದೆ. ಬಂಪರ್ ಟು ಬಂಪರ್ ಅಂತ ಜಾಸ್ತಿ ಕಟ್ಟಿದರೂ ಅಷ್ಟೇ.

ನನಗೆ ಆದದ್ದು ಸ್ಟ್ರಿಪ್‌ನಲ್ಲಿ ಅಲ್ಲ. ಓಟ ಮುಗಿಸಿ, ಪಿಟ್‌ನಲ್ಲಿ (ಕಾರು ನಿಲ್ಲಿಸುವ ಜಾಗದಲ್ಲಿ) ರಿವರ್ಸ್ ತೆಗೆಯುವಾಗ ಜನರೇಟರಿನ ಗಾಡಿಗೆ ತಾಗಿತು. ನಡೆದುಕೊಂಡು ಹೋಗುವ ವೇಗದಲ್ಲಿ! ಬಂಪರ್ 21,000, ಪೇಂಟ್ 7,200, ಸೆನ್ಸರ್ ಎರಡು 6,400, ಬ್ರಾಕೆಟ್ 3,800. ಪಾರ್ಕಿಂಗಿನಲ್ಲಿ ತಾಗಿತು ಅಂತ ಕ್ಲೇಮ್ ಹಾಕಿದೆ. ಅದು ಸುಳ್ಳೂ ಅಲ್ಲ. ಸರ್ವೆ ಮಾಡಲು ಬಂದವರು ಬಂಪರ್ ನೋಡಲೇ ಇಲ್ಲ, ಬಾಗಿಲು ನೋಡಿದರು. ಓಟದ ನಂಬರಿನ ಸ್ಟಿಕ್ಕರ್ ಕಿತ್ತು, ತೆಂಗಿನೆಣ್ಣೆ ಹಾಕಿ ಉಜ್ಜಿದ್ದೆ. ಆದರೂ ಅಂಟಿಗೆ ಧೂಳು ಕೂತು 47 ಅಂತ ಸ್ಪಷ್ಟವಾಗಿ ಕಾಣುತ್ತಿತ್ತು. ಇದು ಎಂತದು ಸಾರ್ ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. 38,400 ಪೂರ್ತಿ ನನ್ನದೇ.

ಬಿಜೈ ಬನ್ಸ್:
ಅಂದರೆ ಸುಳ್ಳು ಹೇಳಲು ಹೋಗಿ ಸಿಕ್ಕಿಬಿದ್ದಿರಿ. ಅದನ್ನು ಇಲ್ಲಿ ಅನ್ಯಾಯ ಅಂತ ಯಾಕೆ ಬರೆಯುತ್ತೀರಿ?

ಕದ್ರಿ ಕಾಗದಪತ್ರ:
ಅನ್ಯಾಯ ಅನ್ನುವ ಶಬ್ದ ನಾನು ಎಲ್ಲಿ ಬರೆದೆ? ತೋರಿಸಿ. ಕುಚ್ಚಲಕ್ಕಿ ಹೊತ್ತು ರೇಸಿಗೆ ಹೋದವರಿಂದ ನೀತಿಪಾಠ ಬೇಡ.

ಮಣಿಪಾಲ ಮಳೆ:
ಇಷ್ಟೆಲ್ಲ ಯಾಕೆ ಮಾರಾಯ್ರೆ. ರಾತ್ರಿ ಎರಡು ಗಂಟೆಗೆ ಹೈವೇ 66 ಖಾಲಿ ಇರುತ್ತದೆ. ಪಡುಬಿದ್ರಿ ದಾಟಿದಮೇಲೆ ನೇರ ರಸ್ತೆ. ನಾವು ಫೋನಿನಲ್ಲಿ ಜಿಪಿಎಸ್ ಹಾಕಿ ನೋಡಿದ್ದೇವೆ. ಎಂಟ್ರಿ ಫೀಸೂ ಇಲ್ಲ.

ಕಾಪು ದೀಪಸ್ತಂಭ:
ನಾನು ಆ ಹೈವೇ ಬದಿಯಲ್ಲೇ ಇರುವವನು. ರಾತ್ರಿ ಎರಡು ಗಂಟೆಗೆ ಮಲ್ಪೆಗೆ ಹೋಗುವ ಮೀನಿನ ಲಾರಿ ಇರುತ್ತದೆ, ಡಿವೈಡರ್ ಸಂದಿಯಿಂದ ದಾಟುವ ದನ ಇರುತ್ತದೆ, ಲೈಟಿಲ್ಲದ ಸೈಕಲ್ಲಿನಲ್ಲಿ ಮನೆಗೆ ಹೋಗುವ ಹೋಟೆಲ್ ಹುಡುಗ ಇರುತ್ತಾನೆ. ಖಾಲಿ ಅಂತೆ. 1,11,650 ಕಳೆದುಕೊಂಡರೂ ನಾನು ಏರ್‌ಸ್ಟ್ರಿಪ್‌ಗೇ ಹೋಗಿದ್ದೆ ಅನ್ನುವುದು ನನ್ನ ಒಂದೇ ಸಮಾಧಾನ.

ಕದ್ರಿ ಕಾಗದಪತ್ರ:
ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆ 189ನೇ ಸೆಕ್ಷನ್. ಮೊದಲ ಸಲ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000ದವರೆಗೆ ದಂಡ, ಎರಡೂ ಆಗಬಹುದು. ಎರಡನೇ ಸಲ ಒಂದು ವರ್ಷ, 10,000. ಎಂಟ್ರಿ ಫೀಸ್ ಇದೆ.

ಮಣಿಪಾಲ ಮಳೆ:
ಸುಮ್ನೆ ಹೇಳಿದ್ದು. ಎಲ್ಲರೂ ಅಂಕಲ್‌ಗಳಾಗಿದ್ದೀರಿ.

ಉಪ್ಪಿನಂಗಡಿ ತಿರುವು:
ನನ್ನ ಕಾರಿಗೆ ಸ್ಟ್ರಿಪ್‌ನಲ್ಲಿ ಏನೂ ಆಗಲಿಲ್ಲ. ನಾಲ್ಕು ಓಟ, ನಾಲ್ಕೂ ಚೆನ್ನಾಗಿತ್ತು. ವಾಪಸ್ ಬರುವಾಗ ಶಿರಾಡಿಯಲ್ಲಿ, ಮಳೆ ನಿಂತು ಹತ್ತು ನಿಮಿಷ ಆಗಿತ್ತು, ಗುಂಡಿ ತುಂಬ ನೀರು, ಡಾಮರಿನ ಬಣ್ಣವೇ. ಧಡ್ ಅಂತ ಒಂದೇ ಸದ್ದು. ಮುಂದಿನ ಎಡ ಅಲಾಯ್ ಬಗ್ಗಿತು, ಟೈರಿನ ಪಕ್ಕ ಮೊಟ್ಟೆಯಷ್ಟು ಊದಿತು. ಅಲಾಯ್ 14,500, ಟೈರ್ 8,200. ಒಂದೇ ಟೈರ್ ಹೊಸತು ಹಾಕಿದರೆ ಎಳೆಯುತ್ತದೆ ಅಂತ ಇನ್ನೊಂದು 8,200. ಅದಕ್ಕೇ ಹೇಳುತ್ತೇನೆ, ಚಾರ್ಮಾಡಿಯಲ್ಲಿ ಹೋಗಿ.

ಸುರತ್ಕಲ್ ಸ್ಪ್ಯಾನರ್:
ಚಾರ್ಮಾಡಿಯಲ್ಲಿ ಮಳೆಗಾಲದಲ್ಲಿ ಗುಡ್ಡವೇ ರಸ್ತೆಗೆ ಬರುತ್ತದೆ. ಗುಂಡಿ ವಾಸಿ ಅಲ್ವಾ?

ಕೊಟ್ಟಾರದವ:
ಎಲ್ಲರಿಗೂ ಥ್ಯಾಂಕ್ಸ್. ನಾನು ಕೇಳಿದ್ದು ಸಿವಿಟಿ ಬಗ್ಗೆ. ಮತ್ತೆ ಟ್ರ್ಯಾಕ್ಷನ್ ಕಂಟ್ರೋಲ್ ಬಗ್ಗೆ.

ಮೂಡುಬಿದಿರೆ ಕೋಣ:
ಸಿವಿಟಿಯಲ್ಲಿ ಬ್ರೇಕ್ ಒತ್ತಿ ಆಕ್ಸಿಲರೇಟರ್ ಕೊಡಬೇಡಿ, ಒಳಗೆ ಬೆಲ್ಟ್ ಇರುವುದು. ಸ್ಪೋರ್ಟ್‌ಗೆ ಹಾಕಿ, ಬ್ರೇಕ್ ಬಿಟ್ಟು ಒತ್ತಿ. ಮೂರು ಓಟ, ಮಧ್ಯೆ ಅರ್ಧ ಗಂಟೆ ಬಿಡುವು, ಸಾಲಿನಲ್ಲಿ ನ್ಯೂಟ್ರಲ್. ಟ್ರ್ಯಾಕ್ಷನ್ ಆನ್ ಇರಲಿ.

ಬಿಜೈ ಬನ್ಸ್:
ಟ್ರ್ಯಾಕ್ಷನ್ ಆಫ್. ಆನ್ ಇದ್ದರೆ ಹೊರಡುವಾಗಲೇ ಪವರ್ ಕತ್ತರಿಸುತ್ತದೆ.

ಮೂಡುಬಿದಿರೆ ಕೋಣ:
145 ನ್ಯೂಟನ್ ಮೀಟರ್ ಟಾರ್ಕಿನ ಕಾರು ಅದು. ಕತ್ತರಿಸಲು ಎಂತ ಇದೆ ಅದರಲ್ಲಿ?

ಕೊಟ್ಟಾರದವ:
ಮನೆಯಲ್ಲಿ ಹೇಳಿದೆ. ಅವಳೂ ಬರುತ್ತಾಳಂತೆ, ಒಂದು ಓಟ ಅವಳಿಗೆ ಬೇಕಂತೆ. ಡಿಕ್ಕಿಯಲ್ಲಿ ಈಗಾಗಲೇ ಅತ್ತೆಗೆ ಅಂತ ಒಂದು ಹಲಸಿನಹಣ್ಣು ಇದೆ.

ಸುರತ್ಕಲ್ ಸ್ಪ್ಯಾನರ್:
ಎಷ್ಟು ಕಿಲೋ?

ಮಣಿಪಾಲ ಮಳೆ:
ಉಪ್ಪಿನಂಗಡಿಯವರೇ, ಉಳಿದ ಮೂರು ಅಲಾಯ್ ಕೊಡುತ್ತೀರಾ? 16 ಇಂಚಾ?