ಹೇಂಟೆ ತಿಣುಕುತ್ತಿದೆ, ಮೊಟ್ಟೆ ಬರುತ್ತಿಲ್ಲ

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ):
ನಮ್ಮ ಗಿರಿರಾಜ ತಳಿಯ ಹೇಂಟೆ ನಿನ್ನೆ ಸಂಜೆಯಿಂದ ಮೂಲೆ ಹಿಡಿದು ನಿಂತಿದೆ. ಬಾಲ ಇಳಿಬಿದ್ದಿದೆ. ಮತ್ತೆ ಮತ್ತೆ ತಿಣುಕುತ್ತದೆ, ಮೊಟ್ಟೆ ಇಲ್ಲ. ಕಾಳು ಹಾಕಿದರೂ ಮೂಸುತ್ತಿಲ್ಲ. ಏನು ಮಾಡಲಿ?

ಉತ್ತರ 1:
ಮೊಟ್ಟೆ ಒಳಗೇ ಸಿಕ್ಕಿಕೊಂಡಿರಬೇಕು. ಬಾಲದ ಕೆಳಗೆ, ಹೊಟ್ಟೆ ಭಾಗವನ್ನು ಮೆತ್ತಗೆ ಮುಟ್ಟಿ ನೋಡಿ. ಗಟ್ಟಿಯಾಗಿ ಕೈಗೆ ಸಿಗಬಹುದು. ದಯವಿಟ್ಟು ಒತ್ತಬೇಡಿ! ಒಳಗೆ ಒಡೆದರೆ ಚಿಪ್ಪು ಚುಚ್ಚಿ ಸೋಂಕಾಗುತ್ತದೆ, ಕೋಳಿ ಉಳಿಯುವುದು ಕಷ್ಟ. ಅಗಲ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಹೊಟ್ಟೆ ಮುಳುಗುವಂತೆ 20 ನಿಮಿಷ ಕೂರಿಸಿ. ನಮ್ಮ ಕೋಳಿ ಮೊದಲು ರೆಕ್ಕೆ ಬಡಿಯಿತು, ಆಮೇಲೆ ಕಣ್ಣು ಮುಚ್ಚಿ ಸುಮ್ಮನೆ ಕೂತುಬಿಟ್ಟಿತು. ಚೆನ್ನಾಗಿ ಒರೆಸಿ, ಮೊಟ್ಟೆ ಬರುವ ಜಾಗದ ಸುತ್ತ ಕೊಬ್ಬರಿ ಎಣ್ಣೆ ಸವರಿ, ಕತ್ತಲಿರುವ ಬೆಚ್ಚಗಿನ ಬುಟ್ಟಿಯಲ್ಲಿ ಬಿಡಿ. ಕುಡಿಯಲು ನೀರಿಡಿ. ಒಂದೆರಡು ಗಂಟೆಯಲ್ಲಿ ಬರದಿದ್ದರೆ ಪಶು ಆಸ್ಪತ್ರೆಗೆ ಒಯ್ಯಿರಿ. ಕ್ಯಾಲ್ಸಿಯಂ ಚುಚ್ಚುಮದ್ದು ಬೇಕಾಗಬಹುದು.

ಉತ್ತರ 2:
ಬರೀ ಅಕ್ಕಿ ನುಚ್ಚು ಹಾಕ್ತೀರಾ? ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ನುಚ್ಚಿನಲ್ಲಿ ಅಷ್ಟು ಎಲ್ಲಿಂದ ಬರಬೇಕು? ಅದು ಕಮ್ಮಿಯಾದರೆ ಮೊಟ್ಟೆ ತಳ್ಳುವ ಸ್ನಾಯುವಿಗೂ ಬಲ ಇರಲ್ಲ. ಲೇಯರ್ ಫೀಡ್ (ಮೊಟ್ಟೆ ಇಡುವ ಕೋಳಿಗೆಂದೇ ಸಿಗುವ ಆಹಾರ) ಕೊಡಿ. ಕಪ್ಪೆಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿಡಿ, ಬೇಕಾದಷ್ಟು ತಾನೇ ಕುಕ್ಕಿ ತಿನ್ನುತ್ತದೆ.

ಪ್ರಶ್ನೆ ಕೇಳಿದವರು:
ಮೊಟ್ಟೆ ಬಂತು! ಚಿಪ್ಪು ತೆಳ್ಳಗಿದೆ, ಒಂದು ಕಡೆ ದೊರಗು. ಈಗ ರಾಗಿ ಕುಕ್ಕುತ್ತಿದೆ. ಮತ್ತೆ ಹೀಗಾಗುತ್ತಾ?

ಉತ್ತರ 1:
ಆಗುವುದುಂಟು. ಅಬ್ಬಾ, ಸದ್ಯ ಬಂತಲ್ಲ! ಒಂದು ವಾರ ಹಿಕ್ಕೆ, ನಡಿಗೆ ಎರಡನ್ನೂ ಗಮನಿಸಿ. ಇನ್ನೊಮ್ಮೆ ತಿಣುಕಿದರೆ ಕಾಯದೆ ಡಾಕ್ಟರಿಗೆ ತೋರಿಸಿ.