‘ಸಮುದಾಯ ಕ್ಷೇಮ ಯೋಜನೆಗಳಿಗೆ ಅನುದಾನ’: ನಾಲ್ಕು ಪದಗಳ ಬಗ್ಗೆ ಒಂದು ವಿಚಾರಣೆ

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಜನರೇ ಸೇರಿಕೊಂಡು ನಡೆಸುವ ಆರೋಗ್ಯದ ಕೆಲಸಗಳಿಗೆ, ಎಂದರೆ ಬಾಣಂತಿಯರ ಮನೆಭೇಟಿ, ವಯಸ್ಸಾದವರ ನಡಿಗೆಯ ಗುಂಪು, ಕುಡಿತ ಬಿಟ್ಟವರು ಒಬ್ಬರಿಗೊಬ್ಬರು ಆಸರೆಯಾಗುವ ಕೂಟ, ಹದಿಹರೆಯದವರ ಆಪ್ತಸಮಾಲೋಚನೆ ಮುಂತಾದವುಗಳಿಗೆ, ಹಣ ಒದಗಿಸುವ ನಿಧಿಯೊಂದರ ಅರ್ಜಿ ಕೈಪಿಡಿಯನ್ನು ಕನ್ನಡದಲ್ಲಿ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಮುಖಪುಟಕ್ಕೆ ‘ಸಮುದಾಯ ಕ್ಷೇಮ ಯೋಜನೆಗಳಿಗೆ ಅನುದಾನ’ ಎಂದು ಬರೆದು, ಅದನ್ನು ಬಳಸಬೇಕಾದ ಕೆಲವರ ಮುಂದೆ ಗಟ್ಟಿಯಾಗಿ ಓದಿದೆ. ಬಹುಕಾಲ ಮನೆಮನೆ ಸುತ್ತಿ ಕೆಲಸ ಮಾಡಿದ ಹಿರಿಯ ಕಾರ್ಯಕರ್ತೆಯೊಬ್ಬರು, ‘ಇದು ಯಾವ ಸಮುದಾಯದವರಿಗೆ?’ ಎಂದು ಕೇಳಿದರು. ಪಕ್ಕದಲ್ಲಿದ್ದವರು, ‘ಅರ್ಜಿಯನ್ನು ಯಾವ ಇಲಾಖೆಗೆ ಕೊಡಬೇಕು?’ ಎಂದರು. ಇಬ್ಬರೂ ತಪ್ಪಾಗಿ ಕೇಳಿಸಿಕೊಂಡಿರಲಿಲ್ಲ. ನಾನು ಬರೆದದ್ದೇ ಹಾಗೆ ಕೇಳಿಸುವಂತಿತ್ತು. ನಾಲ್ಕು ಪದಗಳಲ್ಲಿ ಒಂದೊಂದೂ ತನ್ನಷ್ಟಕ್ಕೆ ಸರಿಯಾಗಿದೆ, ನಾಲ್ಕೂ ಒಟ್ಟಿಗೆ ನಿಂತಾಗ ಮಾತ್ರ ಸರ್ಕಾರವು ಒಂದು ಜಾತಿಯವರ ಏಳಿಗೆಗಾಗಿ ಬಿಡುಗಡೆ ಮಾಡಿದ ಹಣ ಎಂಬ ಅರ್ಥವೇ ಓದುಗರ ಮನಸ್ಸಿಗೆ ಮೊದಲು ಬರುತ್ತದೆ. ಈ ತೊಡಕನ್ನು ಬಿಡಿಸಲು ನಿಮ್ಮೆಲ್ಲರ ನೆರವು ಬೇಕಾಗಿದೆ.

‘ಅನುದಾನ’ದಿಂದಲೇ ಆರಂಭಿಸುತ್ತೇನೆ. ಗ್ರ್ಯಾಂಟ್ ಎಂಬುದಕ್ಕೆ ಆಡಳಿತ ಕನ್ನಡದಲ್ಲಿ ನೆಲೆಯೂರಿರುವ ಪದ ಇದು. ಅನುದಾನಿತ ಶಾಲೆ, ಅನುದಾನರಹಿತ ಕಾಲೇಜು, ಸಹಾಯಾನುದಾನ ಎಂಬ ರೂಪಗಳೆಲ್ಲ ಇದರಿಂದಲೇ ಬಂದಿವೆ. ಆದರೆ ‘ಅನುದಾನ ಬಿಡುಗಡೆ’ ಎಂಬ ಜೋಡಿಯನ್ನು ನಾವು ರಸ್ತೆ, ಚರಂಡಿ, ಕಟ್ಟಡಗಳ ಸುದ್ದಿಯಲ್ಲೇ ಓದಿ ಓದಿ, ಕೊಡುವವರು ಸರ್ಕಾರವೇ ಎಂಬ ಭಾವನೆ ಪದಕ್ಕೆ ಅಂಟಿಕೊಂಡಿದೆ. ಹಾಗೆಂದು ಇದನ್ನು ಕೈಬಿಡಲು ನನಗೆ ಮನಸ್ಸಿಲ್ಲ. ಗೊತ್ತುಮಾಡಿದ ಉದ್ದೇಶಕ್ಕೆ, ಗೊತ್ತುಮಾಡಿದ ಅವಧಿಗೆ, ಲೆಕ್ಕ ಒಪ್ಪಿಸುವ ಷರತ್ತಿನ ಮೇಲೆ, ಹಿಂದಿರುಗಿಸಬೇಕಿಲ್ಲದ ಹಣ ಎಂಬ ನಾಲ್ಕು ಅಂಶಗಳನ್ನೂ ಒಟ್ಟಿಗೆ ಹೊರಬಲ್ಲ ಇನ್ನೊಂದು ಪದ ನನಗೆ ಕಾಣುತ್ತಿಲ್ಲ. ‘ದೇಣಿಗೆ’ ಎಂದರೆ ಕೊಟ್ಟವರು ಕೊಟ್ಟು ಮರೆತ ಹಣ. ಅದಕ್ಕೆ ರಸೀದಿ ಸಾಕು, ವರದಿ ಬೇಡ. ‘ಸಹಾಯಧನ’ ಸಬ್ಸಿಡಿಯ ಅರ್ಥದಲ್ಲಿ ಗಟ್ಟಿಯಾಗಿ ನಿಂತಿದೆ. ‘ಧನಸಹಾಯ’ ಎಂದೊಡನೆ ಸಂಕಟದಲ್ಲಿರುವ ಒಬ್ಬ ವ್ಯಕ್ತಿ, ಒಂದು ಕುಟುಂಬ ಕಣ್ಣಮುಂದೆ ಬರುತ್ತದೆ, ಒಂದು ಗುಂಪಿನ ಕೆಲಸವಲ್ಲ.

‘ದತ್ತಿ’ಯನ್ನು ಒಬ್ಬ ಮಿತ್ರರು ಸೂಚಿಸಿದರು. ಶಾಸನಗಳಲ್ಲಿ ‘ಬಿಟ್ಟ ದತ್ತಿ’ ಎಂದು ಮತ್ತೆ ಮತ್ತೆ ಬರುವ ಈ ಹಳೆಯ ಪದದ ಮೇಲೆ ನನಗೂ ಪ್ರೀತಿಯಿದೆ. ಆದರೆ ಇಂದು ದತ್ತಿನಿಧಿ, ದತ್ತಿ ಉಪನ್ಯಾಸ, ದತ್ತಿ ಬಹುಮಾನ ಎನ್ನುವಾಗ ಅಸಲು ಹಾಗೇ ಉಳಿದು ಬಡ್ಡಿ ಮಾತ್ರ ಖರ್ಚಾಗುವ ಏರ್ಪಾಡು ನಮ್ಮ ಮನಸ್ಸಿನಲ್ಲಿರುತ್ತದೆ. ಎರಡು ವರ್ಷದಲ್ಲಿ ಪೂರ್ತಿ ಖರ್ಚು ಮಾಡಿ ಲೆಕ್ಕ ಕೊಡಬೇಕಾದ ಹಣವನ್ನು ದತ್ತಿ ಎಂದು ಕರೆದರೆ ಓದುಗರನ್ನು ದಾರಿ ತಪ್ಪಿಸಿದಂತೆ. ಹಣ ಪಡೆಯುವವರಿಗೆ ಒಂದೇ ಪದ ಬೇಕೆಂದು ‘ಅನುದಾನಿ’ ಎಂದು ಬರೆದು ನೋಡಿದ್ದೂ ಉಂಟು. ‘ದಾನಿ’ ಎಂಬುದು ಕೊಡುವವರ ಹೆಸರಾದ್ದರಿಂದ ಅರ್ಥವೇ ತಲೆಕೆಳಗಾಯಿತು. ಈಗ ‘ಅನುದಾನಿತ ಗುಂಪು’ ಎಂದು ಇಟ್ಟುಕೊಂಡಿದ್ದೇನೆ. ಇನ್ನೊಂದು ತೊಂದರೆ ಕಿವಿಗೆ ಸಂಬಂಧಿಸಿದ್ದು. ‘ಅನುಮೋದನೆಯ ನಂತರ ಅನುದಾನ, ಅನುದಾನದ ನಂತರ ಅನುಷ್ಠಾನ’ ಎಂಬ ನನ್ನ ವಾಕ್ಯವನ್ನು ಓದಿ ಹೇಳಿದಾಗ ಕೇಳುತ್ತಿದ್ದವರು ಎರಡನೆಯ ‘ಅನು’ವಿಗೇ ತಡವರಿಸಿದರು. ‘ಒಪ್ಪಿಗೆ ಸಿಕ್ಕ ಮೇಲೆ ಅನುದಾನ ಬರುತ್ತದೆ, ಬಂದ ಮೇಲೆ ಕೆಲಸ ಶುರುಮಾಡಬೇಕು’ ಎಂದು ತಿದ್ದಿದಾಗ ಯಾರೂ ಮತ್ತೆ ಕೇಳಲಿಲ್ಲ.

ನನ್ನನ್ನು ಹೆಚ್ಚು ಕಾಡಿರುವುದು, ಮುಖಪುಟದಲ್ಲಿ ನಾನು ‘ಕ್ಷೇಮ’ ಎಂದು ಬರೆದ ವೆಲ್‌ನೆಸ್ ಎಂಬುದಕ್ಕೆ ಸರಿಯಾದ ಕನ್ನಡ ಯಾವುದು ಎಂಬ ಪ್ರಶ್ನೆ. ‘ಆರೋಗ್ಯ’ವೇ ಸಾಕಲ್ಲವೇ ಎನ್ನುವವರಿದ್ದಾರೆ. ಆದರೆ ಆ ಪದ ಹುಟ್ಟಿದ್ದೇ ‘ಅರೋಗ’ದಿಂದ, ರೋಗವಿಲ್ಲದಿರುವುದು ಎಂಬ ನಿಷೇಧವೇ ಅದರ ಬೇರು. 1948ರ ಏಪ್ರಿಲ್ 7ರಂದು ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು ಆರೋಗ್ಯವನ್ನು ದೈಹಿಕ, ಮಾನಸಿಕ, ಸಾಮಾಜಿಕ ಒಳಿತಿನ ಪೂರ್ಣ ಸ್ಥಿತಿ ಎಂದು ಕರೆದು, ಅದು ಬರಿಯ ರೋಗವಿಲ್ಲದ ಸ್ಥಿತಿಯಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಇದನ್ನು ಕನ್ನಡಕ್ಕೆ ತಂದಾಗ ‘ಆರೋಗ್ಯವೆಂದರೆ ಬರಿಯ ರೋಗವಿಲ್ಲದಿರುವುದಲ್ಲ’ ಎಂದಾಗುತ್ತದೆ, ಪದವೇ ತನ್ನ ಬೇರನ್ನು ಅಲ್ಲಗಳೆದಂತೆ. ಬಳಕೆಯಲ್ಲಿ ಪದಗಳು ಬೇರನ್ನು ಮೀರಿ ಬೆಳೆಯುತ್ತವೆ, ಒಪ್ಪುತ್ತೇನೆ. ಆದರೂ ನಡಿಗೆಯ ಗುಂಪಿಗೋ ಆಸರೆಯ ಕೂಟಕ್ಕೋ ಅರ್ಜಿ ಬರೆಯುವವರು ‘ನಮ್ಮಲ್ಲಿ ರೋಗಿಗಳಿಲ್ಲವಲ್ಲ, ಇದು ನಮಗೆ ಅನ್ವಯಿಸುತ್ತದೆಯೇ?’ ಎಂದು ಹಿಂಜರಿಯುವುದನ್ನು ಕಂಡ ಮೇಲೆ, ಬೇರು ಇನ್ನೂ ಜೀವಂತವಾಗಿದೆ ಎಂದೇ ನನಗೆ ಅನ್ನಿಸಿದೆ.

ಪರ್ಯಾಯವಾಗಿ ‘ಸ್ವಾಸ್ಥ್ಯ’ ಇದೆ. ಸ್ವಸ್ಥ ಎಂದರೆ ತನ್ನಲ್ಲಿ ತಾನು ನೆಲೆಸಿದವನು. ಪ್ರಾಚೀನ ಆಯುರ್ವೇದ ಗ್ರಂಥಕಾರ ಸುಶ್ರುತನು ಸ್ವಸ್ಥನಿಗೆ ಕೊಟ್ಟ ಲಕ್ಷಣವಾಕ್ಯದಲ್ಲಿ ದೋಷ (ವಾತ, ಪಿತ್ತ, ಕಫ), ಅಗ್ನಿ (ಜೀರ್ಣಶಕ್ತಿ), ಧಾತುಗಳ ಸಮತೋಲದ ಜೊತೆಗೆ ಆತ್ಮ, ಇಂದ್ರಿಯ, ಮನಸ್ಸುಗಳ ಪ್ರಸನ್ನತೆಯೂ ಸೇರಿದೆ. ಅರ್ಥದ ದೃಷ್ಟಿಯಿಂದ ಇದಕ್ಕಿಂತ ಹೊಂದುವ ಪದ ಸಿಗಲಾರದು. ಆದರೆ ನಮ್ಮ ಬಳಕೆಯಲ್ಲಿ ಸ್ವಸ್ಥಕ್ಕಿಂತ ‘ಅಸ್ವಸ್ಥ’ವೇ ಹೆಚ್ಚು ಓಡಾಡುತ್ತದೆ, ‘ಸ್ವಾಸ್ಥ್ಯ’ವಂತೂ ‘ಸಮಾಜದ ಸ್ವಾಸ್ಥ್ಯ ಕೆಡಿಸುವ’ ಎಂಬ ಪಡಿಯಚ್ಚಿನಲ್ಲಿ ಸಿಕ್ಕಿಕೊಂಡು ನೀತಿ, ಶಿಸ್ತು, ಶಾಂತಿಪಾಲನೆಯ ಕಡೆಗೆ ವಾಲಿದೆ. ‘ಸಮುದಾಯದ ಸ್ವಾಸ್ಥ್ಯ’ ಎಂದು ಬರೆದರೆ ಯಾರೋ ನಡತೆ ತಿದ್ದಲು ಬರುತ್ತಿದ್ದಾರೆ ಎಂಬಂತೆ ಕೇಳಿಸುತ್ತದೆ. ಒತ್ತಕ್ಷರದ ಕಷ್ಟವೂ ಸಣ್ಣದಲ್ಲ: ಅರ್ಜಿಗಳಲ್ಲಿ ‘ಸ್ವಾಸ್ಥ’ ಎಂದೂ ‘ಸ್ವಾಸ್ತ್ಯ’ ಎಂದೂ ಬರೆದು ಬರುವುದನ್ನು ನೋಡುತ್ತಿದ್ದೇನೆ.

‘ಕ್ಷೇಮ’ ಕಾಗದ ಬರೆಯುವ ಕಾಲದ ಆಪ್ತ ಪದ, ‘ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಎಂಬ ಸಾಲಿನ ಬಿಸುಪು ಅದರಲ್ಲಿದೆ. ‘ಕ್ಷೇಮಾಭಿವೃದ್ಧಿ ಸಂಘ’ಗಳ ಮೂಲಕ ಅದು ಕಲ್ಯಾಣ ಕಾರ್ಯಕ್ರಮಗಳ ಪಾಲಾಗಿದೆ. ‘ಯೋಗಕ್ಷೇಮ’ವನ್ನು ಪರಿಶೀಲಿಸಬಹುದೇ ಎಂಬುದು ನನ್ನ ಮುಖ್ಯ ಪ್ರಶ್ನೆಗಳಲ್ಲಿ ಒಂದು. ಇಲ್ಲದ್ದು ದೊರಕುವುದು ಯೋಗ, ದೊರಕಿದ್ದು ಉಳಿಯುವುದು ಕ್ಷೇಮ ಎಂಬ ಹಳೆಯ ವಿವರಣೆಯನ್ನು ಬಲ್ಲವರಿಗೆ ಇದು ಬಹಳ ಒಪ್ಪುತ್ತದೆ. ಹಣ ಬಂದಾಗ ಶುರುವಾದ ಕೆಲಸ ಹಣ ನಿಂತ ಮೇಲೂ ಉಳಿಯುತ್ತದೆಯೇ ಎಂಬುದೇ ಇಂಥ ನಿಧಿಗಳು ಕೇಳುವ ಮುಖ್ಯ ಪ್ರಶ್ನೆಯಲ್ಲವೇ? ಆದರೆ ‘ಯೋಗ’ ಎಂದೊಡನೆ ಆಸನ, ಪ್ರಾಣಾಯಾಮಗಳೇ ಅನೇಕರಿಗೆ ನೆನಪಾಗುತ್ತವೆ. ಅರ್ಜಿಯ ವಿಷಯ ಆರೋಗ್ಯವಾದ್ದರಿಂದ ಆ ಗೊಂದಲ ಇಲ್ಲಿ ಇಮ್ಮಡಿಯಾದೀತು ಎಂಬ ಅಂಜಿಕೆಯಿದೆ. ‘ನೆಮ್ಮದಿ’ ಅಚ್ಚಗನ್ನಡ, ಎಲ್ಲರಿಗೂ ತಿಳಿಯುತ್ತದೆ, ಮನಸ್ಸಿನ ಕಡೆಗೆ ತುಸು ಹೆಚ್ಚು ವಾಲುತ್ತದೆ. ‘ಆರೋಗ್ಯ ಮತ್ತು ನೆಮ್ಮದಿ’ ಎಂದು ಜೋಡಿಸಿದರೆ ದೇಹಕ್ಕೊಂದು, ಮನಸ್ಸಿಗೊಂದು ಸಿಕ್ಕಿ ಕೊರತೆ ತುಂಬುತ್ತದೆ ಎಂದು ಸದ್ಯಕ್ಕೆ ನಂಬಿದ್ದೇನೆ.

‘ಸಮುದಾಯ’ದ ತೊಡಕನ್ನು ಆರಂಭದಲ್ಲೇ ಹೇಳಿದೆ. ‘ಸಮುದಾಯ ಆರೋಗ್ಯ ಕೇಂದ್ರ’ ಎಂಬ ನಾಮಫಲಕದಲ್ಲಿ ಯಾರಿಗೂ ಜಾತಿ ಕಾಣುವುದಿಲ್ಲ; ‘ನಮ್ಮ ಸಮುದಾಯ’, ‘ಸಮುದಾಯದವರು’ ಎಂಬಲ್ಲಿ ಬೇರೇನೂ ಕಾಣುವುದಿಲ್ಲ. ಸಮಾಸದ ಒಳಗೆ ಹಾನಿಯಿಲ್ಲದ ಪದ ವಿಭಕ್ತಿ ಹಚ್ಚಿದೊಡನೆ ಅರ್ಥ ಬದಲಿಸುವುದನ್ನು ವ್ಯಾಕರಣ ಬಲ್ಲವರು ಇನ್ನಷ್ಟು ವಿವರಿಸಿಯಾರು. ‘ಊರ ಜನ’ ಎನ್ನೋಣವೆಂದರೆ ವಲಸೆ ಕಾರ್ಮಿಕರು, ಒಂದೇ ಕಾಯಿಲೆಯಿಂದ ಬಳಲುತ್ತ ದೂರದೂರ ಇರುವವರು ಹೊರಗುಳಿಯುತ್ತಾರೆ. ‘ನೆರೆಹೊರೆ’ಗೂ ಅದೇ ಮಿತಿ. ‘ಜನಸಮುದಾಯ’ ಸ್ವಲ್ಪ ವಾಸಿ.

‘ಯೋಜನೆ’ಯ ವಿಚಾರ ಚಿಕ್ಕದು: ಪ್ಲಾನ್, ಸ್ಕೀಮ್, ಪ್ರಾಜೆಕ್ಟ್ ಮೂರಕ್ಕೂ ಅದೊಂದೇ ಪದವಾಗಿರುವುದರಿಂದ, ಪ್ರಾಜೆಕ್ಟ್ ಎಂಬಲ್ಲಿ ‘ಕೆಲಸ’ ಎಂದೇ ಬರೆಯತೊಡಗಿದ್ದೇನೆ. ಎಲ್ಲಿಯೂ ಅಡ್ಡಿಯಾಗಿಲ್ಲ.

ಒಳಪುಟಗಳಲ್ಲಿ ಇನ್ನೂ ಕೆಲವು ಪದಗಳಿವೆ. ‘ಮೊದಲ ಕಂತು’ ಎಂದು ಓದಿದಾಗ ಒಬ್ಬರು ‘ಹಾಗಾದರೆ ತೀರಿಸಬೇಕೇ?’ ಎಂದು ಗಾಬರಿಯಾದರು. ಕಂತು ಸಾಲದ ಜೊತೆ ಅಷ್ಟು ಬೆಸೆದುಹೋಗಿದೆ. ಅಲ್ಲಿ ‘ಮೊದಲ ಬಾರಿಗೆ ಕೊಡುವ ಹಣ’ ಎಂದು ಬಿಡಿಸಿ ಬರೆದೆ. ನಿಧಿ ಕೊಡುವ ಹಣಕ್ಕೆ ಜೊತೆಯಾಗಿ ಜನರು ತಾವೇ ಹಾಕಬೇಕಾದ ಪಾಲಿಗೆ ‘ಹೊಂದಾಣಿಕೆ ಮೊತ್ತ’ ಎಂಬ ಒಣ ಅನುವಾದ ಚಾಲ್ತಿಯಲ್ಲಿದೆ. ಅದರ ಬದಲು ‘ವಂತಿಗೆ’ ಎಂದರೆ ಹೇಗೆ? ‘ವಂತು’ ಎಂದರೆ ಪಾಲು. ಒಂದು ಕೆಲಸಕ್ಕೆ ಎಲ್ಲರೂ ತಮ್ಮ ತಮ್ಮ ಪಾಲು ಹಾಕುವ ರೂಢಿಯ ಹೆಸರೇ ಅದು. ಈ ಪದ ಸಿಕ್ಕ ದಿನ ನನಗೆ ನಿಜವಾಗಿ ಸಂತೋಷವಾಯಿತು.

‘ಫಲಾನುಭವಿ’ಯ ಬಗ್ಗೆ ಮಾತ್ರ ನನ್ನದು ಖಚಿತವಾದ ಆಕ್ಷೇಪ. ತಮ್ಮ ಆರೋಗ್ಯಸೇವೆಯನ್ನು ಯೋಜಿಸುವುದರಲ್ಲೂ ಜಾರಿಗೊಳಿಸುವುದರಲ್ಲೂ ಪಾಲ್ಗೊಳ್ಳುವುದು ಜನರ ಹಕ್ಕು ಹಾಗೂ ಕರ್ತವ್ಯ ಎಂದು ಪ್ರಾಥಮಿಕ ಆರೋಗ್ಯಸೇವೆಯ ಕುರಿತ ಅಂತರರಾಷ್ಟ್ರೀಯ ಸಮ್ಮೇಳನವು ಹೊರಡಿಸಿದ 1978ರ ಆಲ್ಮಾ ಆಟಾ ಘೋಷಣೆ ಸಾರಿತು. ಬೆಳಗ್ಗೆ ಎದ್ದು ಹತ್ತು ಮಂದಿಯನ್ನು ಕರೆದುಕೊಂಡು ನಡಿಗೆಗೆ ಹೊರಡುವ ಹೆಂಗಸನ್ನು, ಬೇರೆಯವರು ಬೆಳೆದ ಫಲವನ್ನು ಉಣ್ಣುವವಳು ಎಂಬ ಅರ್ಥ ಬರುವಂತೆ ಕರೆಯಲು ನನ್ನಿಂದಾಗದು. ‘ಪಾಲುಗೊಳ್ಳುವವರು’ ಎಂಬುದು ಉದ್ದವಾಯಿತೆಂದು ಕೈಪಿಡಿಯ ವಿನ್ಯಾಸಕರು ಹೇಳುತ್ತಾರೆ, ಕೋಷ್ಟಕದ ಮನೆಯಲ್ಲಿ ಹಿಡಿಸುವುದಿಲ್ಲವಂತೆ. ‘ಪಾಲುಗಾರರು’ ಎಂದರೆ ವ್ಯಾಪಾರದ ವಾಸನೆ ಬರುತ್ತದೆಯೇ? ‘ಭಾಗಿಗಳು’ ಸಾಕೇ?

ಮುಖಪುಟದ ಸಾಲು ಈಗ ಹೀಗಿದೆ: ‘ಜನರೇ ನಡೆಸುವ ಆರೋಗ್ಯ ಮತ್ತು ನೆಮ್ಮದಿಯ ಕೆಲಸಗಳಿಗೆ ಅನುದಾನ’. ಇದರಲ್ಲಿ ‘ನೆಮ್ಮದಿ’ಯನ್ನು ಉಳಿಸಬೇಕೇ, ‘ಯೋಗಕ್ಷೇಮ’ಕ್ಕೆ ಬದಲಿಸಬೇಕೇ, ‘ಅನುದಾನ’ದ ಹಿಂದೆ ಕೊಡುವವರು ಯಾರೆಂದು ಸೂಚಿಸುವ ವಿಶೇಷಣ ಬೇಕೇ, ಕೋಷ್ಟಕದಲ್ಲಿ ‘ಫಲಾನುಭವಿ’ಯ ಜಾಗಕ್ಕೆ ಯಾವ ಚಿಕ್ಕ ಪದವನ್ನು ಇಡಬಹುದು ಎಂಬ ಬಗ್ಗೆ, ನೀವು ಕಂಡು ಕೇಳಿದ ಬಳಕೆಗಳ ಸಮೇತ, ದಯವಿಟ್ಟು ತಿಳಿಸಿರಿ. ಅಚ್ಚಿಗೆ ಹೋಗಲು ಇನ್ನೂ ಮೂರು ವಾರವಿದೆ.