ಎಂ ಸೈಜಲ್ಲಿ ಹಣೆ ನೋವು, ಎಲ್ ಸೈಜಲ್ಲಿ ಲೂಸು: ಶೋಯಿ ಹೆಲ್ಮೆಟ್ ತಗೊಳ್ಳೋದಾ, ಅರಾಯ್ ತಗೊಳ್ಳೋದಾ?

ಹೈವೇಹುಚ್ಚ:
ನಮಸ್ಕಾರ ಎಲ್ರಿಗೂ. ನನ್ ತಲೆ ಸುತ್ತಳತೆ ಟೇಪಲ್ಲಿ ಹಿಡಿದ್ರೆ 58 ಸೆಂಟಿಮೀಟರ್, ಚಾರ್ಟ್ ಪ್ರಕಾರ ಎಂ ಸೈಜು, ಅದನ್ನೇ ತಗೊಂಡಿದೀನಿ, ಕಾರ್ಬನ್ ಶೆಲ್ ಇರೋ ದುಬಾರಿ ಫುಲ್‌ಫೇಸ್ ಹೆಲ್ಮೆಟ್ಟು. ಆದ್ರೆ ಅರ್ಧ ಗಂಟೆ ಗಾಡಿ ಓಡ್ಸೋದ್ರೊಳಗೆ ಹಣೆ ಮಧ್ಯದಲ್ಲಿ ಒತ್ತೋಕೆ ಶುರುವಾಗತ್ತೆ, ತೆಗೆದ್ರೆ ಅಲ್ಲೊಂದು ಕೆಂಪು ಗುರುತು, ಆಮೇಲೆ ತಲೆನೋವು. ತಮಾಷೆ ಏನಂದ್ರೆ ಕಣತಲೆ ಹತ್ರ ಎರಡೂ ಕಡೆ ಬೆರಳು ತೂರ್ಸೋಷ್ಟು ಜಾಗ ಇದೆ. ಎಲ್ ಹಾಕ್ ನೋಡ್ದೆ, ಹಣೆಗೆ ಆರಾಮು, ಆದ್ರೆ ತಲೆ ಅಲ್ಲಾಡ್ಸಿದ್ರೆ ಹೆಲ್ಮೆಟ್ಟು ಸ್ವಲ್ಪ ತಡವಾಗಿ ಹಿಂದಿಂದ ಬರತ್ತೆ. ಈಗ ಶೋಯಿ ಆರ್‌ಎಫ್-1400 ಮತ್ತೆ ಅರಾಯ್ ಸಿಗ್ನೆಟ್-ಎಕ್ಸ್ ಎರಡರ ಮಧ್ಯೆ ಒದ್ದಾಡ್ತಿದೀನಿ. ಮಿಪ್ಸ್ (ಹೆಲ್ಮೆಟ್ ಒಳಗೆ ಜಾರೋ ಪದರ) ಇಲ್ದೇ ಇದ್ರೆ ತಗೋಬಾರ್ದು ಅಂತಾನೂ ಒಬ್ರು ಹೇಳಿದ್ರು. ಯಾವುದ್ರಲ್ಲಿ ಸೇಫ್ಟಿ ಜಾಸ್ತಿ?

ಪಿಸ್ಟನ್‌ಪುಟ್ಟ:
ಅಷ್ಟಕ್ಕೆಲ್ಲ ಹೊಸದ್ಯಾಕೆ ಗುರೂ, ಒಳಗಿನ ಬಟ್ಟೆ ಲೈನರ್ ಬಿಚ್ಚಿ ಹಣೆ ಹತ್ರ ಇರೋ ಥರ್ಮಾಕೋಲನ್ನ ಚಮಚದ ಹಿಂಭಾಗದಿಂದ ಒತ್ತಿ ಒಂಚೂರು ತಗ್ಗು ಮಾಡು, ಆಯ್ತು.

ಗೇರ್‌ಗಿರಿಯಪ್ಪ:
ಪುಟ್ಟಣ್ಣ, ದಯವಿಟ್ಟು ಆ ಸಲಹೆ ಯಾರಿಗೂ ಕೊಡ್ಬೇಡಿ. ಹೆಲ್ಮೆಟ್ಟಲ್ಲಿ ಪೆಟ್ಟು ತಗೊಳೋದೇ ಆ ಥರ್ಮಾಕೋಲು. ಅದು ಜಜ್ಜಿಹೋಗ್ತಾ ತಲೆ ವೇಗಾನ ಕಮ್ಮಿ ಮಾಡತ್ತೆ, ಒಂದ್ಸಲ ಜಜ್ಜಿದ್ಮೇಲೆ ವಾಪಸ್ ಉಬ್ಬಲ್ಲ. ಚಮಚದಲ್ಲಿ ಒತ್ತಿದ ಜಾಗ ಅಂದ್ರೆ ಬೀಳೋಕೆ ಮುಂಚೆನೇ ಖರ್ಚಾಗೋಗಿರೋ ಜಾಗ, ಅದೂ ಹಣೆ ಮೇಲೇನೇ.

ಹೈವೇಹುಚ್ಚ ಅವ್ರೇ, ನಿಮ್ಮದು ಸೈಜಿನ ತೊಂದ್ರೆ ಅಲ್ಲ, ಆಕಾರದ್ದು. ಸುತ್ತಳತೆ ಒಂದೇ ಇದ್ರೂ ತಲೆ ಒಬ್ಬೊಬ್ರದ್ದು ಒಂದೊಂದ್ ಥರ, ಕೆಲವ್ರದ್ದು ಹಿಂದೆ ಮುಂದೆ ಉದ್ದ ಪಕ್ಕದಲ್ಲಿ ಕಿರಿದು, ಕೆಲವ್ರದ್ದು ಗುಂಡಗೆ, ಹೆಚ್ಚಿನವ್ರದ್ದು ನಡುವಿನದ್ದು. ಹಣೆ ಒತ್ತಿ ಕಣತಲೆ ಹತ್ರ ಜಾಗ ಉಳಿದ್ರೆ ಉದ್ದ ತಲೆ ಗುಂಡು ಹೆಲ್ಮೆಟ್ಟಲ್ಲಿ ಕೂತಿದೆ ಅಂತರ್ಥ. ಕಣತಲೆ ಒತ್ತಿ ಹಣೆ ಮುಂದೆ ಖಾಲಿ ಇದ್ರೆ ಉಲ್ಟಾ. ನೀವು ಎಲ್‌ಗೆ ಹೋದಾಗ ಹಣೆಗೆ ಬೇಕಾದ ಜಾಗ ಸಿಕ್ತು, ಅದ್ರ ಜೊತೆ ಪಕ್ಕದಲ್ಲಿ ಬೇಡದ ಜಾಗಾನೂ ಬಂತು. ಕೂದಲು ಒದ್ದೆ ಮಾಡಿ ಅಂಟಿಸ್ಕೊಂಡು ಯಾರ ಕೈಲಾದ್ರೂ ನೆತ್ತಿ ಮೇಲಿಂದ ಒಂದು ಫೋಟೋ ತೆಗೆಸಿ, ನಿಮಗೇ ಗೊತ್ತಾಗತ್ತೆ.

ಎರಡುಚಕ್ರ:
ಗಿರಿಯಪ್ಪನವ್ರು ಹೇಳಿದ್ದು ನೂರಕ್ಕೆ ನೂರು. ನೀವು ಕೇಳಿದ ಎರಡರಲ್ಲಿ ಆರ್‌ಎಫ್-1400 ನಡುವಿನ ಆಕಾರ, ಯುರೋಪಲ್ಲಿ ಇದನ್ನೇ ಎನ್‌ಎಕ್ಸ್‌ಆರ್2 ಅಂತ ಮಾರ್ತಾರೆ. ಸಿಗ್ನೆಟ್-ಎಕ್ಸ್ ಅರಾಯ್‌ನವ್ರು ಉದ್ದ ತಲೆಗೆ ಅಂತಾನೇ ಮಾಡಿರೋದು, ಗುಂಡು ತಲೆಗೆ ಅವ್ರದ್ದೇ ಕ್ವಾಂಟಮ್-ಎಕ್ಸ್ ಬೇರೆ ಇದೆ. ಅಂದ್ರೆ ಅರಾಯ್ ಕೂರತ್ತಾ ಅಂತ ಕೇಳಿದ್ರೆ ಯಾವ ಅರಾಯ್ ಅಂತ ವಾಪಸ್ ಕೇಳ್ಬೇಕಾಗತ್ತೆ. ಕೆನ್ನೆ ಪ್ಯಾಡು ಎರಡರಲ್ಲೂ ಹೊಂದಿಸ್ಕೋಬೋದು, ಶೋಯಿಗೆ ದಪ್ಪ ತೆಳು ಪ್ಯಾಡು ಬೇರೆ ಬೇರೆ ಸಿಗತ್ತೆ, ಅರಾಯ್‌ದು ಪ್ಯಾಡ್ ಮೇಲಿನ 5 ಮಿಲಿಮೀಟರ್ ಪದರ ಕಿತ್ತು ತೆಗೀಬೋದು. ಇದು ಮೆತ್ತನೆ ಫೋಮ್ ಅಷ್ಟೇ, ಥರ್ಮಾಕೋಲ್ ಮುಟ್ಟಲ್ಲ, ಹಂಗಾಗಿ ಭಯ ಬೇಡ.

ಸೇಫ್ಟಿ ವಿಷ್ಯಕ್ಕೆ ಬಂದ್ರೆ, ಇಸಿಇ ಅಂದ್ರೆ ಯುರೋಪಿನ ಹೆಲ್ಮೆಟ್ ಟೆಸ್ಟಿನ ಸ್ಟ್ಯಾಂಡರ್ಡು, ಅದ್ರ ಹಳೇ 22.05ರಲ್ಲಿ ಹೆಲ್ಮೆಟ್ ಬೀಳಿಸ್ತಿದ್ದಿದ್ದು ಸೆಕೆಂಡಿಗೆ 7.5 ಮೀಟರ್ ವೇಗದಲ್ಲಿ. ಹೊಸ 22.06ರಲ್ಲಿ ಅದ್ರ ಜೊತೆ 6 ಮೀಟರ್ ಮತ್ತೆ 8.2 ಮೀಟರ್ ಎರಡೂ ಸೇರಿದೆ. ನಿಧಾನದ್ದು ಯಾಕಪ್ಪ ಅಂದ್ರೆ, ಬರೀ ದೊಡ್ಡ ಪೆಟ್ಟಿಗೆ ಅಂತ ಗಟ್ಟಿ ಮಾಡಿದ ಥರ್ಮಾಕೋಲು ಸಣ್ಣ ಪೆಟ್ಟಿಗೆ ಜಜ್ಜೋದೇ ಇಲ್ಲ, ಏಟು ನೇರ ತಲೆಗೆ ಹೋಗತ್ತೆ. ಇನ್ನೊಂದು, ಸ್ಯಾಂಡ್‌ಪೇಪರ್ ಥರದ ಒರಟು ಹಾಳೆ ಅಂಟಿಸಿರೋ 45 ಡಿಗ್ರಿ ಓರೆ ಕಬ್ಬಿಣದ ಮೇಲೆ ಬೀಳಿಸಿ ತಲೆ ಎಷ್ಟು ತಿರುಚತ್ತೆ ಅಂತಾನೂ ಅಳೀತಾರೆ. ಮಿಪ್ಸ್ ಅಂದ್ರೆ ಒಳಗೆ ಜಾರೋ ಒಂದು ಪದರ, ಪೆಟ್ಟು ಬಿದ್ದಾಗ ತಲೆ 10-15 ಮಿಲಿಮೀಟರ್ ಜಾರೋಕೆ ಬಿಡತ್ತೆ, ಆ ತಿರುಚೋದನ್ನ ಕಮ್ಮಿ ಮಾಡೋ ಒಂದು ದಾರಿ. ಅದೊಂದೇ ದಾರಿ ಅಲ್ಲ, ಆರ್‌ಎಫ್-1400ರಲ್ಲೂ ಇಲ್ಲ ಸಿಗ್ನೆಟ್-ಎಕ್ಸಲ್ಲೂ ಇಲ್ಲ. ಅದಕ್ಕೇಂತ ತಲೆಗೆ ಕೂರದೇ ಇರೋ ಹೆಲ್ಮೆಟ್ ತಗೊಳ್ಳೋದು ನನ್ ಪ್ರಕಾರ ಮೂರ್ಖತನ.

ಪಿಸ್ಟನ್‌ಪುಟ್ಟ:
7.5 ಮೀಟರ್ ಅಂದ್ರೆ ಗಂಟೆಗೆ ಬರೀ 27 ಕಿಲೋಮೀಟರ್! ನಾವು 100ರಲ್ಲಿ ಹೋಗೋರಿಗೆ ಇದೇನ್ ಟೆಸ್ಟು ಸ್ವಾಮಿ?

ಎರಡುಚಕ್ರ:
ಎಲ್ರೂ ಕೇಳೋ ಪ್ರಶ್ನೆ. ಗಾಡಿ ವೇಗ ರಸ್ತೆ ಉದ್ದಕ್ಕೆ, ತಲೆ ಬೀಳೋದು ಕೆಳಕ್ಕೆ. 7.5 ಮೀಟರ್ ವೇಗ ಬರ್ಬೇಕು ಅಂದ್ರೆ ಸುಮಾರು 2.9 ಮೀಟರ್ ಎತ್ತರದಿಂದ ಬೀಳ್ಬೇಕು, ಗಾಡಿ ಮೇಲೆ ಕೂತಾಗ ತಲೆ ಅಷ್ಟು ಎತ್ತರ ಇರೋದೇ ಇಲ್ಲ. ಗೋಡೆಗೋ ಕಂಬಕ್ಕೋ ನೇರ ಹೋಗಿ ಬಡಿದ್ರೆ ಲೆಕ್ಕ ಬೇರೆ, ಅಲ್ಲಿ ಯಾವ ಹೆಲ್ಮೆಟ್ಟೂ ಪೂರ್ತಿ ಕಾಯಲ್ಲ.

ಗೇರ್‌ಗಿರಿಯಪ್ಪ:
ಲೂಸ್ ಹೆಲ್ಮೆಟ್ಟಿನ ಇನ್ನೊಂದು ಅಪಾಯ ಬಿಟ್ಟೋಯ್ತು. ಮೊದಲನೇ ಪೆಟ್ಟಿಗೇ ಅದು ತಿರುಗಿ ಹಣೆ ಬಯಲಾದ್ರೆ ಎರಡನೇ ಪೆಟ್ಟಿಗೆ ಸೇಫ್ಟಿ ಟೆಸ್ಟಿನ ಸ್ಟಾರ್ ರೇಟಿಂಗ್ ಏನ್ ಮಾಡತ್ತೆ? ಇಸಿಇಲೂ ಇದಕ್ಕೊಂದು ಟೆಸ್ಟ್ ಇದೆ, ಹೆಲ್ಮೆಟ್ಟಿನ ಹಿಂದಿನ ಅಂಚಿಗೆ ಕೊಕ್ಕೆ ಹಾಕಿ 10 ಕೆಜಿ ತೂಕಾನ ಅರ್ಧ ಮೀಟರ್ ಬೀಳಿಸಿ ಮುಂದಕ್ಕೆ ಎಳೀತಾರೆ, 30 ಡಿಗ್ರಿಗಿಂತ ಜಾಸ್ತಿ ತಿರುಗಬಾರ್ದು. ಆದ್ರೆ ಅದನ್ನ ಮಾಡೋದು ಅಳತೆಗೆ ಸರಿಯಾಗಿರೋ ಡಮ್ಮಿ ತಲೆ ಮೇಲೆ, ನಿಮ್ ತಲೆ ಮೇಲಲ್ಲ. ಅದಕ್ಕೇ ನೀವೇ ನೋಡ್ಕೋಬೇಕು: ಸ್ಟ್ರ್ಯಾಪ್ ಬಿಗಿ ಮಾಡಿ, ಕತ್ತಿನ ಹಿಂದೆ ಕೈ ಹಾಕಿ ಕೆಳ ಅಂಚು ಹಿಡಿದು ಮೇಲಕ್ಕೆ ಮುಂದಕ್ಕೆ ಜೋರಾಗಿ ಎತ್ತಿ, ಕಳಚ್ಕೊಂಡು ಬಂದ್ರೆ ಅದು ನಿಮ್ಮದಲ್ಲ. ಆಮೇಲೆ ಗಲ್ಲದ ಹತ್ರ ಹಿಡಿದು ಎಡಕ್ಕೆ ಬಲಕ್ಕೆ ತಿರುಗ್ಸಿ, ಕೆನ್ನೆ ಚರ್ಮ ಹೆಲ್ಮೆಟ್ ಜೊತೇಲೇ ಬರ್ಬೇಕು. ಇಷ್ಟಾದ್ಮೇಲೆ ಮನೇಲೇ ಮುಕ್ಕಾಲು ಗಂಟೆ ಹಾಕ್ಕೊಂಡು ಕೂತ್ಕೊಳಿ, ಒತ್ತೋ ಜಾಗ ಇದ್ರೆ ಅಷ್ಟ್ರಲ್ಲಿ ಗೊತ್ತಾಗೇ ಆಗತ್ತೆ.

ಹೈವೇಹುಚ್ಚ:
ಫೋಟೋ ತೆಗೆಸ್ದೆ, ನನ್ ತಲೆ ಇಷ್ಟು ಉದ್ದ ಅಂತ ಗೊತ್ತೇ ಇರ್ಲಿಲ್ಲ ಮಾರಾಯ್ರೇ 😄 ಎರಡನ್ನೂ ಹಾಕ್ ನೋಡ್ದೆ. ಆರ್‌ಎಫ್-1400 ನನ್ ಹಳೇದಕ್ಕಿಂತ ವಾಸಿ, ಆದ್ರೂ ಸ್ವಲ್ಪ ಹೊತ್ತಾದ್ಮೇಲೆ ಅದೇ ಜಾಗ ಮೆಲ್ಲಗೆ ಹೇಳ್ತು. ಸಿಗ್ನೆಟ್-ಎಕ್ಸ್ ಎಂ ಸೈಜಲ್ಲಿ ಹಣೆ ಶಾಂತ, ಎತ್ತಿದ್ರೂ ಕಳಚ್ಲಿಲ್ಲ, ಆದ್ರೆ ಕೆನ್ನೆ ಸಿಕ್ಕಾಪಟ್ಟೆ ಟೈಟು, ಮಾತಾಡಿದ್ರೆ ಕೆನ್ನೆ ಒಳಗಡೆ ಹಲ್ಲಿಗೆ ಸಿಗತ್ತೆ. ಪದರ ಕಿತ್ತುಬಿಡ್ಲಾ? ಹಳೇದನ್ನ ಏನ್ ಮಾಡ್ಲಿ?

ಎರಡುಚಕ್ರ:
ಈಗ್ಲೇ ಕೀಳ್ಬೇಡಿ. ಕೆನ್ನೆ ಫೋಮು ಓಡಿಸ್ತಾ ಓಡಿಸ್ತಾ ತಾನಾಗೇ ತಗ್ಗತ್ತೆ, ಈಗ ಕಿತ್ರೆ ಆಮೇಲೆ ಲೂಸಾಗ್ಬೋದು. ತಗ್ಗದೇ ಇದ್ರೆ ಆಗ ಕೀಳಿ, ಎರಡೂ ಕಡೆ ಒಂದೇ ಸಮ. ಹಣೆ ನೋವು ಮಾತ್ರ ಸವೆದು ಸರಿಹೋಗೋದಲ್ಲ, ಅದ್ರ ಹಿಂದೆ ಇರೋದು ಥರ್ಮಾಕೋಲು.

ಹಳೇದು ಒಂದ್ಸಲಾನೂ ಪೆಟ್ಟು ತಿಂದಿಲ್ಲ, ತುಂಬ ವರ್ಷ ಆಗಿಲ್ಲ ಅಂದ್ರೆ ಲೈನರ್ ತೊಳೆದು ಗುಂಡು ತಲೆ ಇರೋ ಸ್ನೇಹಿತರಿಗೆ ಕೊಡಿ, ಅವ್ರೂ ಇದೇ ಎತ್ತೋ ಟೆಸ್ಟ್ ಮಾಡ್ಲಿ. ಪುಟ್ಟಣ್ಣಂಗೆ ಕೊಡೋದಾದ್ರೆ ಚಮಚ ಬಚ್ಚಿಟ್ಟು ಕೊಡಿ.